ಮ್ಯೂಲ್ ಬ್ರಿಡ್ಜಿನ ಮೂರು ಪೆಟ್ಟು

ನ್ಯೂ ಜೆರ್ಸಿಯ ಹ್ಯಾರಿಸನ್ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ, ಟ್ಯಾಕ್ಸ್ ಫೈಲ್ ಮಾಡಿಕೊಡುವವನೊಬ್ಬನ ಆಫೀಸಿನ ಮೇಲೆ, ಸಿದ್ದರಾಮಪ್ಪನ ಪಿಟೀಲಿನ ಅಂಗಡಿ. ಅದಕ್ಕೆ ಬೋರ್ಡಿಲ್ಲ. ಬೋರ್ಡು ನೋಡಿ ಬಂದವನು ಚೌಕಾಸಿ ಮಾಡುತ್ತಾನೆ, ಹುಡುಕಿಕೊಂಡು ಬಂದವನು ಮೆಟ್ಟಿಲು ಹತ್ತುವಷ್ಟರಲ್ಲೇ ಅರ್ಧ ಸೋತಿರುತ್ತಾನೆ ಎಂದು ಅವನ ಎಣಿಕೆ. ಎಣಿಕೆ ತಪ್ಪಿದ್ದು ಕಡಿಮೆ.

ಗದಗ-ಬೆಟಗೇರಿಯವನು. ಚಿಕ್ಕಂದಿನಲ್ಲಿ ಅಲ್ಲಿನ ಮಾಸ್ತರರೊಬ್ಬರ ಹತ್ತಿರ ಪಿಟೀಲು ಕಲಿತ. ಹೊಟ್ಟೆಪಾಡಿಗೆ ಇಂಜಿನಿಯರಿಂಗ್ ಕಲಿತ. ಬಾಸ್ಕಿಂಗ್ ರಿಡ್ಜಿನ ಒಂದು ಕಂಪನಿಯಲ್ಲಿ ತಲೆ ನರೆಯುವ ತನಕ ದುಡಿದು, ಲೇಆಫ್ ಆದ ದಿನ ಮನೆಗೆ ಬರುವಾಗ ಯಾರದೋ ಗರಾಜ್ ಸೇಲಿನ ಮುಂದೆ ಕಾರು ನಿಲ್ಲಿಸಿದ. ಮನೆಯೊಳಗೆ ಕಾಲಿಟ್ಟಾಗ ಬಗಲಲ್ಲಿ ಒಂದು ಹಳೇ ಪಿಟೀಲಿತ್ತು.

“ನೌಕರಿ ಕಳಕೊಂಡು ಬಂದಾರ, ಮ್ಯಾಲ ಬಾರಸಾಕ ಒಂದು ತಂದಾರ,” ಎಂದು ಹೆಂಡತಿ ವೀರಬಸಮ್ಮ ಹಣೆ ಬಡಿದುಕೊಂಡಳು.

ಮುಂದಿನ ವಾರ ಆ ಪಿಟೀಲು ಪಕ್ಕದ ಬೀದಿಯ ತೆಲುಗರ ಹುಡುಗಿಯ ಕೈಗೆ ಹೋಯಿತು, ಒಳ್ಳೆಯ ಲಾಭಕ್ಕೇ ಹೋಯಿತು. ವೀರಬಸಮ್ಮ ಹಣೆಯಿಂದ ಕೈ ತೆಗೆದು, ಇಂಥದ್ದು ಇನ್ನೊಂದು ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

ಸಿಗುವುದು ಸತ್ತವರ ಮನೆಯಲ್ಲಿ. ಇಲ್ಲಿ ವಯಸ್ಸಾದವರು ತೀರಿಕೊಂಡರೆ ಮಕ್ಕಳೋ ಸೋದರಳಿಯಂದಿರೋ ಒಂದು ವೀಕೆಂಡ್ ಬಿಡುವು ಮಾಡಿಕೊಂಡು ಬಂದು ಮನೆ ಖಾಲಿ ಮಾಡುತ್ತಾರೆ. ಸೋಫಾ, ಚಮಚ, ಕ್ರಿಸ್ಮಸ್ಸಿನ ದೀಪ, ಅಟ್ಟದ ಮೇಲೆ ಯಾರೂ ಮುಟ್ಟದ ಒಂದು ಪಿಟೀಲು. ಸಿದ್ದರಾಮಪ್ಪ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾನೆ, ಸಂತಾಪ ಹೇಳುತ್ತಾನೆ, ಪಿಟೀಲನ್ನು ಎತ್ತಿ ನೋಡಿ ಇನ್ನೂ ದೊಡ್ಡ ಸಂತಾಪ ಹೇಳುತ್ತಾನೆ. ಆ ಎರಡನೆಯ ಸಂತಾಪಕ್ಕೆ ದರ ಇಳಿಯುತ್ತದೆ.

ತಂದದ್ದಕ್ಕೆ ಮೊದಲು ಮಾಡುವ ಕೆಲಸ ಶ್ರುತಿ ಬದಲಿಸುವುದು. ಇಲ್ಲಿಯವರು ನಾಲ್ಕು ತಂತಿಯನ್ನು ನಾಲ್ಕು ಬೇರೆ ಬೇರೆ ಸ್ವರಕ್ಕೆ ಕಟ್ಟುತ್ತಾರೆ. ನಮ್ಮವರದು ಸಾ ಪಾ, ಮತ್ತೆ ಮೇಲೆ ಸಾ ಪಾ. ಅವನ ಗಿರಾಕಿಗಳೆಲ್ಲ ನಮ್ಮವರ ಮಕ್ಕಳು. ಹಾಗಾಗಿ ಯಾವ ಪಿಟೀಲೇ ಬರಲಿ, ಧೂಳು ಒರೆಸುವ ಮೊದಲೇ ಬಿರಡೆ ತಿರುವಿ ಅದನ್ನು ಸಾ-ಪಾ ಜಾತಿಗೆ ಸೇರಿಸಿಬಿಡುತ್ತಾನೆ. ಒಂದೇ ಶ್ರುತಿಗೆ ಕಟ್ಟಿದ ಅಷ್ಟೂ ಪಿಟೀಲು ಒಂದೇ ಗೋಡೆಯ ಮೇಲೆ ತೂಗುತ್ತಿರುವುದರಿಂದ ಇಲ್ಲಿ ಒಂದನ್ನು ನುಡಿಸಿದರೆ ಅಲ್ಲಿ ಎಲ್ಲವೂ ತಾವಾಗಿ ಗುಯ್‌ಗುಡುತ್ತವೆ. ಹೊಸ ಗಿರಾಕಿ ಬೆಚ್ಚಿಬಿದ್ದರೆ, “ಪಿಟೀಲು ತಗೊಂಡವರಿಗೆ ತಂಬೂರಿ ಫುಕ್ಕಟ್ರಿ,” ಅನ್ನುತ್ತಾನೆ.

ವೀರಬಸಮ್ಮ ತೀರಿಕೊಂಡ ಮೇಲೆ ಅವನು ಬೆಳಿಗ್ಗೆ ಅಂಗಡಿಗೆ ಬಂದರೆ ಮನೆಗೆ ಹೋಗಲು ಅವಸರ ಮಾಡುವುದಿಲ್ಲ. ಮಗಳು ಕೀರ್ತಿ ಹೋಬೋಕನ್ನಿನಲ್ಲಿದ್ದಾಳೆ. ನಮ್ಮ ಜೊತೆಗೇ ಇರಿ ಎಂದು ಎಷ್ಟೋ ಸಲ ಕರೆದಿದ್ದಾಳೆ. ಅವಳ ಅಪಾರ್ಟ್‌ಮೆಂಟಿನಲ್ಲಿ ಮೊಳೆ ಹೊಡೆಯಲು ಪರ್ಮಿಷನ್ ಬೇಕು, ಅಂಥ ಗೋಡೆ ತನಗೆ ಬೇಡ ಎಂದು ಇವನು ನೆಪ ಹೇಳುತ್ತಾನೆ.

ಆ ಕೀರ್ತಿಯ ಮನೆಗೆ ಹೋಗಿದ್ದಾಗಲೇ, ಎರಡು ಬೀದಿ ಆಚೆ, ಒಂದು ಮನೆ ಖಾಲಿ ಮಾಡುತ್ತಿದ್ದರು. ಹಳೇ ಇಟ್ಟಿಗೆ ಮನೆ. ಹಡಗುಕಟ್ಟೆಯಲ್ಲಿ ದುಡಿದ ವಾಲ್ಟ್ ಡನ್‌ಲೆವಿ ಎಂಬಾತ ಹೋದ ಚಳಿಗಾಲದಲ್ಲಿ ಸತ್ತಿದ್ದ. ಸೋದರಳಿಯನೊಬ್ಬ ಬಾಗಿಲಲ್ಲಿ ನಿಂತು ಸಾಮಾನು ಮಾರುತ್ತಿದ್ದ. ಪಿಟೀಲು ಸಿಕ್ಕಿತು. ಅಂಗಡಿಗೆ ತಂದು ಅಲ್ಲಾಡಿಸಿದರೆ ಒಳಗೆ ಏನೋ ಗಿಲಗಿಲ ಎಂದಿತು. ಒಳಗಿನ ಚಕ್ಕೆ ಕಿತ್ತಿರಬೇಕು ಎಂದುಕೊಂಡು ಇಕ್ಕಳ ಹಾಕಿ ತೆಗೆದ. ಹೊರಬಂದದ್ದು ಹಾವಿನ ಬಾಲದ ತುದಿ. ರ‍್ಯಾಟಲ್‌ಸ್ನೇಕ್ ಅನ್ನುವ ವಿಷದ ಹಾವು ಕಚ್ಚುವ ಮೊದಲು ಬಾಲ ನಡುಗಿಸಿ ಸದ್ದು ಮಾಡುತ್ತದಲ್ಲ, ಆ ಗಿಲಕಿ. ಒಣಗಿ, ಉಗುರಿನ ಬಣ್ಣಕ್ಕೆ ತಿರುಗಿತ್ತು.

ಬೇರೆ ಯಾವ ವ್ಯಾಪಾರಿಯೂ ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದ, ಇಲ್ಲವೇ ಅದಕ್ಕೂ ಒಂದು ಬೆಲೆ ಕಟ್ಟುತ್ತಿದ್ದ. ಸಿದ್ದರಾಮಪ್ಪನಿಗೆ ಎರಡೂ ಆಗಲಿಲ್ಲ. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ಕೈ. ನಾಗಪ್ಪನ ಅಂಗವನ್ನು ಬ್ಯಾಗಲ್ ತುಂಡುಗಳ ಜೊತೆ ಎಸೆಯುವುದು ಹೇಗೆ? ಫ್ರಿಜ್ಜಿನಲ್ಲಿದ್ದ ಟೂ ಪರ್ಸೆಂಟ್ ಹಾಲಿನ ಡಬ್ಬಿ ಹಿಡಿದು ಪಸೇಕ್ ಹೊಳೆಯ ದಂಡೆಗೆ ಹೋದ. ಆಚೀಚೆ ನೋಡಿ, ಹಾಲೆರೆದು, ಗಿಲಕಿಯನ್ನು ನೀರಿಗೆ ಬಿಟ್ಟು ಕೈ ಮುಗಿದ. ಓಡುತ್ತಿದ್ದ ಒಬ್ಬ ಜಾಗರ್ ನಿಂತು ನೋಡಿ ಮತ್ತೆ ಓಡಿದ.

ಮೂರ್ನಾಲ್ಕು ದಿನ ಕಳೆದು ಮಧ್ಯಾಹ್ನ ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದಾಯಿತು. ಒಳಬಂದವಳು ಎಂಬತ್ತರ ಆಸುಪಾಸಿನ ಬಿಳಿ ಮುದುಕಿ. ಉಸಿರು ಹಿಡಿದುಕೊಂಡು, “ಸಿಡ್ ಅಂದ್ರೆ ನೀನೇನಾ?” ಎಂದಳು. ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಸಿದ್ದರಾಮಪ್ಪನ ಇಂಗ್ಲಿಷಿಗೂ ಗದಗಿನ ಸೊಗಡಿತ್ತು, ಅದನ್ನು ಇಲ್ಲಿ ತೋರಿಸಿಲ್ಲ.

“ಸಿದ್ದರಾಮಪ್ಪ.”

“ಅದನ್ನೇ ಅಂದೆ, ಸಿಡ್. ನಾನು ಪೆಗ್ ಡನ್‌ಲೆವಿ. ನನ್ನ ಗಂಡನ ಪಿಟೀಲು ನಿನ್ನ ಹತ್ರ ಇದೆ. ನಾನು ಡಾಕ್ಟರ ಹತ್ರ ಹೋಗಿದ್ದಾಗ ಆ ಪೆದ್ದ ಸೋದರಳಿಯ ಮಾರಿಬಿಟ್ಟಿದ್ದಾನೆ. ನಿನ್ನ ವಿಳಾಸ ಕೊಟ್ಟಿದ್ದೂ ಅವನೇ.”

ಮಾರಿದ ಮಾಲನ್ನು ವಾಪಸು ಕೇಳುವವರನ್ನು ಸಿದ್ದರಾಮಪ್ಪ ಬಲ್ಲ. ಅವರಿಗೆಂದೇ ಒಂದು ಮುಖ ಇಟ್ಟುಕೊಂಡಿದ್ದ, ಅದನ್ನು ಹಾಕಿಕೊಂಡ. ಮುದುಕಿ ಅದಕ್ಕೆ ಬೆಲೆ ಕೊಡಲಿಲ್ಲ.

“ಹೆದರಬೇಡ, ನನಗೆ ಪಿಟೀಲು ಬೇಡ. ಅದು ಐವತ್ತು ವರ್ಷ ನನ್ನ ಸವತಿ. ತೆಗಿ, ಅಲ್ಲಾಡಿಸು.”

ಅಲ್ಲಾಡಿಸಿದ. ಸದ್ದಿಲ್ಲ.

“ಎಲ್ಲಿ ಅದು?”

ಸಿದ್ದರಾಮಪ್ಪ ಸುಳ್ಳು ಹೇಳಲು ಬಾಯಿ ತೆರೆದು, ಯಾಕೋ ನಿಜವನ್ನೇ ಹೇಳಿದ. ಹೊಳೆ, ಹಾಲು, ಕೈ ಮುಗಿದದ್ದು ಎಲ್ಲ.

“ಹಾಲು ಕೊಟ್ಟೆಯಾ?” ಪೆಗ್ ನಕ್ಕಳು, ನಗುತ್ತಾ ಕೆಮ್ಮಿದಳು. “ವಾಲ್ಟ್ ಆಗಿದ್ರೆ ವಿಸ್ಕಿ ಕೇಳ್ತಿದ್ದ.” ಮತ್ತೆ ನಗು ನಿಂತಿತು. “ಅದು ಅವನಪ್ಪ ಹಾಕಿದ್ದು. ಹಳೇ ಪಿಟೀಲುಗಾರರೆಲ್ಲ ಹಾಕ್ತಿದ್ರು. ಇಲಿ ಬರಲ್ಲ, ತೇವ ಹಿಡಿಯಲ್ಲ ಅಂತ ಹೊರಗಿನವರಿಗೆ ಹೇಳೋರು. ಈಗ ಅದಿಲ್ಲದೆ ಅವನನ್ನ ಹೇಗೆ ಕಳಿಸಲಿ?”

“ಯಾರನ್ನ?”

“ವಾಲ್ಟನ್ನ.”

ಕುರ್ಚಿ ಎಳೆದುಕೊಟ್ಟ. ಅವಳು ಕೂತು ಹೇಳಿದಳು. ವಾಲ್ಟ್ ಸತ್ತದ್ದು ಅಡುಗೆಮನೆಯಲ್ಲಿ, ನುಡಿಸುತ್ತಾ ನುಡಿಸುತ್ತಾ. ಕಮಾನು ಕೈಯಲ್ಲೇ ಇತ್ತು. ನುಡಿಸುತ್ತಿದ್ದದ್ದು ಮ್ಯೂಲ್ ಬ್ರಿಡ್ಜ್ ಹಾರ್ನ್‌ಪೈಪ್ ಎಂಬ ಒಂದು ಹಳೇ ಕುಣಿತದ ಮಟ್ಟು. ಈಗ ಸಂಜೆಯಾದರೆ ಅದು ಅಡುಗೆಮನೆಯಲ್ಲಿ ಶುರುವಾಗುತ್ತದೆ. ಮೊದಲ ಭಾಗ ಎರಡು ಸಲ, ಎರಡನೆಯ ಭಾಗ ಒಂದು ಸಲ ಪೂರ್ತಿ, ಇನ್ನೊಂದು ಸಲ ಅರ್ಧ. ಅಲ್ಲಿಗೆ ನಿಲ್ಲುತ್ತದೆ.

“ಹಾರ್ನ್‌ಪೈಪ್ ಅಂದ್ರೆ ಕೊನೆಗೆ ಮೂರು ಪೆಟ್ಟು ಇರಬೇಕು, ಸಿಡ್. ಕುಣಿಯೋನು ಮೂರು ಸಲ ಕಾಲು ಕುಟ್ಟಿ ನಿಲ್ಲೋದಕ್ಕೆ. ಟಮ್, ಟಮ್, ಟಮ್. ಆ ಮೂರು ಬರೋದೇ ಇಲ್ಲ. ನಾನು ಸಿಂಕ್ ಹತ್ರ ನಿಂತು ಕಾಯ್ತೀನಿ.”

“ಹೀಟಿಂಗ್ ಪೈಪಿನ ಸದ್ದಿರಬಹುದು.”

“ಪ್ಲಂಬರ್ ಬಂದು ನೋಡಿ ಹೋದ. ಪೈಪಿಗೆ ತಾಳ ಗೊತ್ತಿರಲ್ಲ.”

ಮನೆ ಮಾರಿಯಾಗಿತ್ತು. ತಿಂಗಳ ಕೊನೆಗೆ ಅವಳು ಪೆನ್ಸಿಲ್ವೇನಿಯಾದಲ್ಲಿ ತಂಗಿಯ ಮಗಳ ಮನೆಗೆ ಹೋಗಬೇಕು. ಕೊಂಡವರು ಗೋಡೆ ಒಡೆದು ಅಪಾರ್ಟ್‌ಮೆಂಟ್ ಮಾಡುತ್ತಾರೆ. “ಒಂದು ಮಟ್ಟು ಮುಗಿಸಕ್ಕಾಗದೆ ನಿಂತಿರೋನನ್ನ ಆ ಖಾಲಿ ಮನೆಯಲ್ಲಿ ಬಿಟ್ಟು ನಾನು ಹೇಗೆ ಹೋಗಲಿ? ಯಾರಾದ್ರೂ ಇದನ್ನ ಒಂದು ಸಲ ಸರಿಯಾಗಿ ಮುಗಿಸಿಕೊಡಬೇಕು.”

ಸಿದ್ದರಾಮಪ್ಪನಿಗೆ ಮೊದಲು ಬಂದದ್ದು ಭಯವಲ್ಲ, ಹೊಟ್ಟೆಕಿಚ್ಚು. ವೀರಬಸಮ್ಮ ಹೋದವಳು ಹೋದಳೇ. ಒಂದು ದಿನ ಒಂದು ಪಾತ್ರೆ ಸದ್ದಾಗಲಿಲ್ಲ, ಒಂದು ಬಾಗಿಲು ತಾನಾಗಿ ಹಾಕಿಕೊಳ್ಳಲಿಲ್ಲ. ಬದುಕಿದ್ದಾಗಲೂ ಹಾಗೇ, ಹೋಗುತ್ತೇನೆ ಎಂದಮೇಲೆ ಹೊಸ್ತಿಲಲ್ಲಿ ನಿಂತು ಮಾತಾಡಿದವಳಲ್ಲ.

“ನಿಮ್ಮ ಕಡೆಯವರು ಹೋಬೋಕನ್ನಿನಲ್ಲೇ ಅಷ್ಟು ಜನ ನುಡಿಸ್ತಾರಲ್ಲ, ಭಾನುವಾರ ಭಾನುವಾರ?” ಎಂದ.

“ನುಡಿಸ್ತಾರೆ. ಮಾಮೂಲಿ ಶ್ರುತಿಯಲ್ಲಿ. ಅದು ಮ್ಯೂಲ್ ಬ್ರಿಡ್ಜೇ ಅಲ್ಲ. ಅದಕ್ಕೆ ಕೆಳಗಿನ ಎರಡು ತಂತಿ ಏರಿಸಿ ಮೇಲಿನ ಎರಡರ ಜೋಡಿ ಮಾಡಬೇಕು. ಹಾಗೆ ನುಡಿಸಿ ಅಂದೆ. ಅದೆಲ್ಲ ಮೂಢನಂಬಿಕೆ ಅಂತ ನಕ್ಕರು. ಹಾಗಾದ್ರೆ ನುಡಿಸಿ ಅಂದ್ರೆ ಒಬ್ಬನಿಗೆ ಭುಜ ನೋವು, ಇನ್ನೊಬ್ಬನಿಗೆ ಟ್ರೇನ್ ಹೊರಡೋ ಹೊತ್ತು.”

ಮತ್ತೆ ಆ ಮಟ್ಟಿನ ಹಿನ್ನೆಲೆ ಹೇಳಿದಳು. ಹಾರ್ನ್‌ಪೈಪ್ ಇಂಗ್ಲೆಂಡಿನ ಕುಣಿತ. ನಾಟಕದವರು ರಂಗದ ಮೇಲೆ ಕುಣಿದರು, ನಾವಿಕರು ಹಡಗಿನ ಮೇಲೆ ಕುಣಿದರು, ಹಡಗಿನ ಜೊತೆ ಈ ಬಂದರಿಗೂ ಬಂತು. ಅಲ್ಲಿ ಕುಂಟುತ್ತಾ ನಡೆಯುತ್ತಿದ್ದ ತಾಳ ಇಲ್ಲಿ ಓಡಲು ಕಲಿಯಿತು. ಆಗ ಜೆರ್ಸಿಯ ಅಡ್ಡಕ್ಕೂ ಒಂದು ಕಾಲುವೆ ಇತ್ತು. ದಂಡೆಯ ಮೇಲೆ ಹೇಸರಗತ್ತೆಗಳು ಹಗ್ಗ ಹಿಡಿದು ಎಳೆಯುತ್ತಿದ್ದವು, ಕಲ್ಲಿದ್ದಲಿನ ದೋಣಿ ಹಿಂದೆ ಬರುತ್ತಿತ್ತು. ಹೇಸರಗತ್ತೆಗಳು ಈ ದಂಡೆಯಿಂದ ಆ ದಂಡೆಗೆ ದಾಟುವ ಸೇತುವೆಯೊಂದರ, ಅಂದರೆ ಮ್ಯೂಲ್ ಬ್ರಿಡ್ಜಿನ, ಕೆಳಗೆ, ಮಂಜಿನಲ್ಲಿ, ದೋಣಿಯವನೊಬ್ಬ ಜಾರಿ ಬಿದ್ದ. ಹೆಣ ಸಿಗಲಿಲ್ಲ. ಅವನ ತಮ್ಮ ಪಿಟೀಲಿನ ಕೆಳತಂತಿ ಏರಿಸಿ, ಮಂಜು ದಾಟಿ ಕೇಳುವ ಹಾಗೆ, ಅಣ್ಣ ಕುಣಿಯುತ್ತಿದ್ದ ಮಟ್ಟನ್ನು ನುಡಿಸಿದ. ಕೊನೆಯ ಮೂರು ಪೆಟ್ಟು ಅವನು ನುಡಿಸಲಿಲ್ಲ. ಅವು ದೋಣಿಯ ತಳದಿಂದ ಬಂದವು.

“ಅವತ್ತಿಂದ ಆ ಶ್ರುತಿಯಲ್ಲಿ ನುಡಿಸಿದ್ರೆ ಕರೆದ ಹಾಗೆ. ಮುಗಿದ ತಕ್ಷಣ, ಎದ್ದೇಳೋ ಮೊದಲು, ತಂತಿ ಇಳಿಸಿಬಿಡಬೇಕು. ಇಲ್ಲದಿದ್ರೆ ಬಂದೋರು ಹೋಗಲ್ಲ. ವಾಲ್ಟ್‌ಗೆ ಇಳಿಸೋಕೆ ಟೈಮ್ ಸಿಗಲಿಲ್ಲ.” ಮತ್ತೆ ಸೇರಿಸಿದಳು: “ಭಾನುವಾರದವರು ಹೇಳೋದು ಬೇರೆ. ಯಾರೋ ನ್ಯೂವಾರ್ಕಿನ ನಾಟಕದ ಕುಣಿತಗಾರ ದುಡ್ಡು ಕೊಟ್ಟು ಬರೆಸಿದ್ದಂತೆ.”

ಕಥೆ ಇರುವ ಮಾಲಿಗೆ ದರ ಏರುತ್ತದೆ ಎಂಬುದು ಸಿದ್ದರಾಮಪ್ಪನಿಗೆ ಹೊಸದಲ್ಲ. ಎಷ್ಟೋ ಕಥೆ ಅವನೇ ಹೆಣೆದಿದ್ದ. ಹಾಗಾಗಿ ಅರ್ಧ ಕಿವಿಯಲ್ಲೇ ಕೇಳುತ್ತಾ, ಕೈಯಲ್ಲಿದ್ದ ವಾಲ್ಟನ ಪಿಟೀಲಿನ ತಂತಿಗಳನ್ನು ಸುಮ್ಮನೆ ಮೀಟಿದ. ಸಾ, ಪಾ. ಸಾ, ಪಾ.

ಪೆಗ್ ಕುರ್ಚಿಯ ಕೈ ಹಿಡಿದುಕೊಂಡಳು. “ಅದನ್ನ ಯಾರು ಹೇಳಿಕೊಟ್ಟರು ನಿನಗೆ?”

“ಯಾವುದನ್ನ?”

“ಆ ಶ್ರುತಿ. ವಾಲ್ಟ್ ಇದಕ್ಕಿಂತ ಮೇಲೆ ಕಟ್ಟುತ್ತಿದ್ದ. ಆದ್ರೆ ಇದೇ.”

ಸಿದ್ದರಾಮಪ್ಪ ಗೋಡೆಯ ಕಡೆ ನೋಡಿದ. ಈ ಕಡೆಯಿಂದ ಆ ಕಡೆಗೆ ತೂಗುತ್ತಿದ್ದ ಅಷ್ಟೂ ಪಿಟೀಲುಗಳನ್ನು ಅವನೇ, ಕೈಯಾರೆ, ಅದೇ ಶ್ರುತಿಗೆ ಕಟ್ಟಿಟ್ಟಿದ್ದ. “ಇದು ನಮ್ಮೂರ ಪದ್ಧತಿ,” ಎಂದ.

ಮಟ್ಟನ್ನು ಅವಳು ಬಾಯಿಯಲ್ಲಿ ಹೇಳಿದಳು, ಡಿಡ್ಲಿ-ಡಮ್ ಎಂದು. ಸಿದ್ದರಾಮಪ್ಪನಿಗೆ ಅದು ಹಿಡಿಯಲು ಕಷ್ಟವಾಗಲಿಲ್ಲ. ಗದಗಿನ ಮಾಸ್ತರರೂ ಬಾಯಲ್ಲೇ ಹೇಳಿ ಕೈಯಲ್ಲಿ ತೆಗೆಸುತ್ತಿದ್ದರು. ಅವಳ ಡಿಡ್ಲಿಯನ್ನು ಮನಸ್ಸಿನಲ್ಲಿ ಸ, ಗ, ಪ ಮಾಡಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಪಿಟೀಲಿನ ತಲೆ ಪಾದದ ಮೇಲೆ, ಬುಡ ಎದೆಗೆ.

“ಅಯ್ಯೋ, ಅದೇನು ಹಾಗೆ ಕೂತೆ? ಮಗುಗೆ ಹಾಲು ಕುಡಿಸೋ ಹಾಗೆ?”

“ನಾವು ಹೀಗೇ.”

“ಸರಿ. ಎಳೀಬೇಡ, ಎಳೀಬೇಡ! ಸ್ವರಕ್ಕೆ ಬೆಣ್ಣೆ ಯಾಕೆ ಸವರ್ತೀಯಾ? ಕಾಲಿಡೋ ಹಾಗೆ ಇಡು.”

“ಇಟ್ಟರೆ ರುಚಿ ಇರೋದಿಲ್ಲ.”

“ಇದು ಅಡುಗೆ ಅಲ್ಲ. ಇಡು.”

ಮೂರು ಸಲ ಬೈಸಿಕೊಂಡ ಮೇಲೆ ಗಮಕ ಬಿಟ್ಟು ಕಾಲಿಡಲು ಕಲಿತ. ಎರಡು ಭಾಗವೂ ಕೈಗೆ ಬಂತು. ಆಗ ಪೆಗ್ ತಲೆಯಾಡಿಸಿದಳು. “ಮಟ್ಟು ಸರಿ. ವಾಲ್ಟ್ ಅಲ್ಲ. ಒಳಗೆ ಆ ಗಿಲಗಿಲ ಇಲ್ಲ.” ಕೈಚೀಲ ತೆರೆದು ತಡಕಾಡಿ ಬಿಪಿ ಮಾತ್ರೆಯ ಕಿತ್ತಳೆ ಡಬ್ಬಿ ತೆಗೆದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ನಾಲ್ಕಾರು ಮಾತ್ರೆ ಅಂಗೈಗೆ ತೆಗೆದು ಮತ್ತೆ ಅಲ್ಲಾಡಿಸಿದಳು. “ಹೂಂ. ಈಗ ಶುರು ಮಾಡು. ಏನೇ ಆದ್ರೂ ಮಧ್ಯೆ ನಿಲ್ಲಿಸಬೇಡ.”

ನುಡಿಸಿದ. ಕೆಳಗಿನ ಬೀದಿಯ ಬಿಸಿಲು ಕಿಟಕಿಯಲ್ಲಿತ್ತು, ಕೆಳಗೆ ಟ್ಯಾಕ್ಸಿನವನ ಪ್ರಿಂಟರ್ ಓಡುತ್ತಿತ್ತು. ಮೊದಲ ಭಾಗಕ್ಕೆ ಗೋಡೆ ಎಂದಿನಂತೆ ಗುಯ್‌ಗುಟ್ಟಿತು. ಎರಡನೆಯ ಸಲಕ್ಕೆ ಆ ಗುಂಯ್ಕಾರ ಅವನ ಹಿಂದೆ ಬರುವುದು ಬಿಟ್ಟು ಜೊತೆಗೆ ನಡೆಯಿತು. ಎರಡನೆಯ ಭಾಗದ ಮಧ್ಯಕ್ಕೆ ಬಂದಾಗ ಮಾತ್ರೆಯ ಡಬ್ಬಿ ನಿಂತಿದ್ದು ಅವನಿಗೆ ಗೊತ್ತಾಯಿತು. ಪೆಗ್ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಗಿಲಗಿಲ ಮಾತ್ರ ನಿಂತಿರಲಿಲ್ಲ. ನಿಲ್ಲಿಸಬೇಡ ಎಂದಿದ್ದಳಲ್ಲ, ನಿಲ್ಲಿಸಲಿಲ್ಲ. ವಾಲ್ಟ್ ನಿಂತ ಜಾಗ ದಾಟಿತು. ಮುಂದಿನ ಓಟ ಇಳಿದು ಬಂತು. ಕಮಾನನ್ನು ಮೂರು ಸಲ ಒತ್ತಿದ. ಟಮ್. ಟಮ್. ಟಮ್.

ಗೋಡೆ ನಿಧಾನಕ್ಕೆ ತಣ್ಣಗಾಯಿತು.

“ಮುಗೀತು,” ಎಂದಳು ಪೆಗ್. ಅತ್ತಿರಲಿಲ್ಲ. ಬಹಳ ಹೊತ್ತು ಹೊತ್ತಿದ್ದ ಚೀಲವನ್ನು ಇಳಿಸಿದವರ ಮುಖ ಇತ್ತು. “ಈಗ ಇಳಿಸು.”

ವಾಲ್ಟನ ಪಿಟೀಲಿನ ಬಿರಡೆ ತಿರುವಿ ಕೆಳತಂತಿ ಎರಡನ್ನೂ ಸಡಿಲಿಸಿದ.

“ಎಲ್ಲದನ್ನೂ.”

“ಅವು ಮಕ್ಕಳ ಪಿಟೀಲು, ಮಿಸೆಸ್ ಡನ್‌ಲೆವಿ. ಅವುಗಳಲ್ಲಿ ಯಾರೂ ಸತ್ತಿಲ್ಲ.”

“ಎಲ್ಲಿಂದ ತಂದೆ ಅವನ್ನ?”

ಸಿದ್ದರಾಮಪ್ಪ ಅವಳು ನೋಡುತ್ತಿರುವಾಗಲೇ ಎದ್ದು ತುದಿಯ ಎರಡು ಪಿಟೀಲಿನ ತಂತಿ ಇಳಿಸಿದ. ಉಳಿದವನ್ನು ಇವತ್ತೇ ಇಳಿಸುತ್ತೇನೆ ಎಂದು ಮಾತು ಕೊಟ್ಟು, ಅವಳ ತೋಳು ಹಿಡಿದು ಸ್ಟೇಷನ್ನಿನ ತನಕ ಬಿಟ್ಟು ಬಂದ.

ಬಂದು ಗೋಡೆಯ ಮುಂದೆ ನಿಂತ. ಶನಿವಾರ ಗಿರಾಕಿ ಬರುವ ದಿನ. ಒಮ್ಮೆ ಸಡಿಲಿಸಿದ ತಂತಿ ಮತ್ತೆ ಶ್ರುತಿಗೆ ನಿಲ್ಲಲು ದಿನಗಟ್ಟಲೆ ಹಟ ಮಾಡುತ್ತದೆ. ಅವನು ವ್ಯಾಪಾರಸ್ಥ. ಒಂದು ಮುದುಕಿಯ ಸಮಾಧಾನಕ್ಕೆ ಎರಡು ಪಿಟೀಲು ಸಾಕು ಎಂದುಕೊಂಡು ದೀಪ ಆರಿಸಿ ಮನೆಗೆ ಹೋದ.

ಶನಿವಾರ ಬಾಸ್ಕಿಂಗ್ ರಿಡ್ಜಿನಿಂದ ಅಕ್ಷತಾ ಬಂದಳು, ಮೈಸೂರಿನವಳು. ಜೊತೆಗೆ ಮಗಳು ಕಿಯಾರಾ. ಮಗಳ ಕೈ ಬೆಳೆದಿತ್ತು, ದೊಡ್ಡ ಪಿಟೀಲು ಬೇಕಿತ್ತು.

“ಬಾರವಾ ತಂಗಿ. ಪಾರ್ಕಿಂಗ್ ಸಿಕ್ತೇನು?”

“ಎಲ್ಲಿ ಅಂಕಲ್, ಮೂರು ಸುತ್ತು ಹೊಡೆದೆ. ನೀವೂ ನಮ್ಮ ಕಡೆ ಒಂದು ಅಂಗಡಿ ಹಾಕಬಾರದಾ?” ಅವಳ ಕಣ್ಣು ಮೇಜಿನ ಮೇಲಿದ್ದ ವಾಲ್ಟನ ಪಿಟೀಲಿನ ಮೇಲೆ ಬಿತ್ತು. “ಇದು ಚೆನ್ನಾಗಿದೆ. ಇದೆಷ್ಟು?”

“ಅದು ಬ್ಯಾಡವಾ. ಅದಕ್ಕ ಹುಳ ಹತ್ಯಾವ.”

ತನ್ನ ಮಾಲಿಗೆ ತಾನೇ ಹೆಸರು ಕೆಡಿಸಿದ್ದು ಅದೇ ಮೊದಲು. ಗೋಡೆಯಿಂದ ಬೇರೊಂದು ತೆಗೆದು ಕಿಯಾರಾಳ ಕೈಗೆ ಕೊಟ್ಟ. ಅವಳು ಕೂತು ಸರಳೆ ನುಡಿಸಿದಳು, ಗೋಡೆ ಗುಯ್‌ಗುಟ್ಟಿತು. ಅವಳು ಕಮಾನು ಎತ್ತಿದಳು. ಗೋಡೆ ನಿಲ್ಲಲಿಲ್ಲ. ಸಣ್ಣಗೆ, ತುಂಬ ಒಳಗಿನಿಂದ, ಸರಳೆ ಅಲ್ಲದ ಏನೋ ಓಡುತ್ತಿತ್ತು.

“ಇಟ್ಸ್ ಸ್ಟಿಲ್ ಪ್ಲೇಯಿಂಗ್,” ಎಂದಳು ಕಿಯಾರಾ.

“ಟ್ರೇನ್ ಕಣೇ, ಪಾತ್ ಟ್ರೇನ್ ಹೋಗ್ತಿದೆ,” ಅಂದಳು ಅಕ್ಷತಾ. “ಅಲ್ವಾ ಅಂಕಲ್?”

“ಹೌದು. ಟ್ರೇನು.”

“ನೋ. ಲಿಸನ್,” ಎಂದು ಹುಡುಗಿ ಬೆರಳೆತ್ತಿದಳು. ಓಟ ಇಳಿಯಿತು. ಮೂರು ಸಲ, ಗಲ್ಲದ ಹತ್ತಿರ ಯಾರೋ ಉಸಿರಾಡಿದಷ್ಟೇ ಸಣ್ಣಗೆ, ತಂತಿ ಮಿಡಿದು ನಿಂತಿತು. ಆಮೇಲೆ ಮೊದಲಿನಿಂದ ಶುರುವಾಯಿತು. ಅಕ್ಷತಾ ಆಗಲೇ ಫೋನಿನಲ್ಲಿ ಹಣ ಕಳಿಸುತ್ತಿದ್ದಳು, ಅವಳಿಗೆ ಕೇಳಿಸಲಿಲ್ಲ. ಸಿದ್ದರಾಮಪ್ಪ ಹುಡುಗಿಯ ಮುಖ ನೋಡದೆ ಪೆಟ್ಟಿಗೆ ಮುಚ್ಚಿಕೊಟ್ಟ.

ಅವರು ಹೋದ ಮೇಲೆ ಕೈ ಬಿರಡೆಯ ತನಕ ಹೋಯಿತು, ವಾಪಸು ಬಂತು. ಮಾರನೆಯ ದಿನವೂ ಹಾಗೇ ಆಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ತಾನು ಬಂದದ್ದು ಯಾರಿಗೋ ಗೊತ್ತಾದ ಹಾಗೆ ಅದು ತೊಡಗುತ್ತಿತ್ತು. ಅವನು ಚಹಾ ಕಾಸುತ್ತಿದ್ದ, ಅದು ಎರಡನೆಯ ಭಾಗಕ್ಕೆ ಬರುತ್ತಿತ್ತು. ಹೆದರಿಕೆ ಇತ್ತು. ಹೆದರಿಕೆಯ ಜೊತೆಗೇ ಚಹಾಕ್ಕೆ ಎರಡು ಲೋಟ ತೆಗೆಯುವ ಹಳೇ ಅಭ್ಯಾಸವೂ ವಾಪಸು ಬಂದಿತ್ತು.

ತಿಂಗಳ ಕೊನೆಗೆ ಪೆಗ್ ಫೋನ್ ಮಾಡಿದಳು. ಲಾರಿಯವರು ಸಾಮಾನು ಹೇರಿಕೊಂಡು ಹೋಗಿದ್ದರು. ತಂಗಿಯ ಮಗಳು ಕಾರಿನಲ್ಲಿ ಕಾಯುತ್ತಿದ್ದಳು.

“ಸದ್ದೇ ಇಲ್ಲ, ಸಿಡ್. ಅವತ್ತಿಂದ ಒಂದು ಸಂಜೆಯೂ ಇಲ್ಲ. ನೀನು ಮುಗಿಸಿದೆ.” ಖಾಲಿ ಕೋಣೆಯಲ್ಲಿ ಅವಳ ಉಸಿರು ದೊಡ್ಡದಾಗಿ ಕೇಳುತ್ತಿತ್ತು. “ನನಗೆ ಬೇಕಾಗಿದ್ದದ್ದು ಇದೇ. ಈಗ ಸಿಂಕ್ ಹತ್ರ ನಿಂತಿದ್ದೀನಿ. ಕಾಯೋಕೆ ಏನೂ ಇಲ್ಲ, ನೋಡು. ಅದೊಂದು ಥರ ಕೆಟ್ಟದು.”

“ಅಭ್ಯಾಸ ಆಗುತ್ತೆ,” ಎಂದ ಸಿದ್ದರಾಮಪ್ಪ, ಬಲ್ಲವನಂತೆ.

“ಹೋದ ಅಲ್ವಾ? ನಿಜವಾಗಿ ಹೋದ? ನಿನ್ನ ಕಡೆ ಏನಾದ್ರೂ ಕೇಳಿಸ್ತಾ? ಕೇಳಿಸಿದ್ರೆ ಹೇಳು, ಸಿಡ್. ನಾನು ಕಾರು ವಾಪಸು ಕಳಿಸ್ತೀನಿ.”

ಅವಳ ಪ್ರಶ್ನೆಯಲ್ಲಿದ್ದದ್ದು ಭಯವಲ್ಲ ಎಂದು ಅವನಿಗೆ ಗೊತ್ತಾಯಿತು. ಗೋಡೆಯ ಮೇಲೆ ಮೊದಲ ಭಾಗ ಎರಡನೆಯ ಸಲ ಓಡುತ್ತಿತ್ತು. ಫೋನನ್ನು ಆ ಕಡೆ ತಿರುಗಿಸಿ ಹಿಡಿದಿದ್ದರೆ ಸಾಕಿತ್ತು. ಹಿಡಿದರೆ ಮುದುಕಿ ಪೆನ್ಸಿಲ್ವೇನಿಯಾಕ್ಕೆ ಹೋಗುವುದಿಲ್ಲ. ಊರಿಲ್ಲ, ಮನೆಯಿಲ್ಲ, ಈ ಮೆಟ್ಟಿಲು ಹತ್ತಿ ಬಂದು ಈ ಕುರ್ಚಿಯಲ್ಲಿ ಸಾಯುವ ತನಕ ಕೂರುತ್ತಾಳೆ. ಅವಳ ಒಳ್ಳೆಯದಕ್ಕೇ ಸುಮ್ಮನಿರಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಅದರಲ್ಲಿ ತನ್ನ ಪಾಲಿನ ಲಾಭ ಎಷ್ಟು ಎಂದು ಮಾತ್ರ ಅವನು ಕೂಡಲು ಹೋಗಲಿಲ್ಲ.

“ಇಲ್ಲ,” ಎಂದ. “ಎಲ್ಲಾ ತಂತಿ ಅವತ್ತೇ ಇಳಿಸಿದೆ. ಇಲ್ಲಿ ಏನೂ ಇಲ್ಲ. ನೀವು ಹೊರಡಿ, ಆ ಹುಡುಗಿ ಕಾಯುತ್ತಿರುತ್ತಾಳೆ.”

“ಗಾಡ್ ಬ್ಲೆಸ್ ಯು, ಸಿಡ್,” ಎಂದಳು ಪೆಗ್. ಬಾಗಿಲು ಹಾಕಿದ ಸದ್ದು ಫೋನಿನಲ್ಲೇ ಕೇಳಿಸಿತು.

ಸಿದ್ದರಾಮಪ್ಪ ಫೋನ್ ಇಟ್ಟ. ಮೆಟ್ಟಿಲ ಮೇಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಕೂತ. ಎರಡನೆಯ ಭಾಗ ಶುರುವಾಗಿತ್ತು.